ಮೀಸೆ ಇರುವ ಸವತಿ

ನನ್ನ ಗಂಡನನ್ನು ನನ್ನಿಂದ ಕಿತ್ತುಕೊಂಡವನು ಭೀಮನಬೀಡಿನ ಒಬ್ಬ ದರ್ಜಿ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಜೊತೆಯ ಟೀಚರುಗಳು ಬಿದ್ದು ಬಿದ್ದು ನಕ್ಕರು. "ಮೀಸೆ ಇರೋ ಸವತಿ ಬಂದ್ಲು ಬುಡು ನಿಂಗೆ. ಯೋಚ್ನೆ ಮಾಡ್ಬೇಡ, ಇಟ್ಕಂಡೋಳು ಇರೋಗಂಟ, ಕಟ್ಕಂಡೋಳು ಕೊನೇಗಂಟ" ಎಂದು ರೇಗಿಸಿದರು. ನಾನೂ ನಕ್ಕೆ. ಆದರೆ ಹೊಟ್ಟೆಯೊಳಗೆ ನಿಜಕ್ಕೂ ಉರಿಯುತ್ತಿತ್ತು.

ನಮ್ಮ ಯಜಮಾನರು ಹನ್ನೊಂದು ವರ್ಷ ಕುಡಿದರು. ತೆರಕಣಾಂಬಿಯಲ್ಲಿ ನಮಗೆ ಅರಿಸಿನ, ಬಾಳೆ ಬೆಳೆಯುವಷ್ಟು ಜಮೀನಿದೆ. ನಾನು ಪ್ರೈಮರಿ ಶಾಲೆಯ ಮೇಡಂ. ಬೆಳಿಗ್ಗೆ ಮಕ್ಕಳಿಂದ 'ಸುಳ್ಳು ಹೇಳಬಾರದು' ಎಂದು ಕಾಪಿ ಬರೆಸಿ, ಸಂಜೆ ಬಾಗಿಲಿಗೆ ಬಂದ ನೆಂಟರಿಗೆ 'ಅವರಿಗೆ ಜ್ವರ, ಮಲಗಿದ್ದಾರೆ' ಎನ್ನುತ್ತಿದ್ದವಳು. ಕಣ್ಣೀರು ಹಾಕಿದೆ, ಬೈದೆ, ಉಪವಾಸ ಕೂತೆ. ಒಮ್ಮೆ ಮೂರು ತಿಂಗಳು ಮಾತು ಬಿಟ್ಟೆ. ಅದು ಅವರಿಗೆ ಅನುಕೂಲವೇ ಆಯಿತು.

ಕೊನೆಗೆ ಅವರಿಗೆ ಕಾಮಾಲೆ ಬಂದು ಚಾಮರಾಜನಗರದಲ್ಲಿ ಆಸ್ಪತ್ರೆಗೆ ಸೇರಿಸಿದೆ. ಮನೆಗೆ ಕಳಿಸುವ ದಿನ ಅಲ್ಲಿನ ಸಮಾಲೋಚಕಿ ಒಬ್ಬ ಸಣಕಲು ಮನುಷ್ಯನನ್ನು ಕರೆತಂದರು. ಕುಂಟು ಕಾಲು, ದಪ್ಪ ಮೀಸೆ, ಕೊರಳಲ್ಲಿ ಅಳತೆ ಟೇಪು. ಕುಡಿತ ಬಿಟ್ಟು ಆರು ವರ್ಷವಾದವನು. ಕುಡಿತ ಬಿಟ್ಟವರನ್ನು ಈಗಷ್ಟೇ ಬಿಡುತ್ತಿರುವವರ ಜೊತೆಗೆ ಹಾಕುವ ಹೊಸ ಪ್ರಯೋಗವೊಂದನ್ನು ಸರ್ಕಾರ ಶುರು ಮಾಡಿದೆಯಂತೆ. "ಇವರನ್ನ ಸಂಗಾತಿ ಅಂತ ಕರೀತೀವಿ. ಒಂದು ವರ್ಷ ನಿಮ್ಮವರ ಜೊತೆ ಇರ್ತಾರೆ" ಎಂದರು.

"ಹಾಗಾದ್ರೆ ನಾನ್ಯಾರು?" ಎಂದೆ. ಆಕೆ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಸರ್ಕಾರದ ಕೆಲಸ ಸರ್ಕಾರ ಮಾಡಲಿ, ನನ್ನದನ್ನು ನಾನು ಮಾಡುತ್ತೇನೆಂದು ಮನೆಗೆ ಬಂದ ಮೂರನೆಯ ದಿನ ಯಜಮಾನರನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದೊಯ್ದೆ. ನಮ್ಮ ಕಡೆ ಕುಡುಕರಿಂದ ಆಣೆ ಮಾಡಿಸುವುದು ಹೊಸದೇನಲ್ಲ. ಅವರೂ ಹಿಂದೆ ಎರಡು ಸಲ ದೇವರ ಮೇಲೆ ಆಣೆ ಮಾಡಿ ಮುರಿದಿದ್ದರು. ದೇವರು ತಡೆದುಕೊಳ್ಳುತ್ತಾನೆ ಎಂದು ಅವರಿಗೆ ಗೊತ್ತು. ಅದಕ್ಕೇ ಈ ಸಲ ಅವರ ಕೈಯನ್ನು ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಆಣೆ ಮುರಿದರೆ ಯಾರ ತಲೆ ಮುಟ್ಟಿದರೋ ಅವರು ಉಳಿಯುವುದಿಲ್ಲ ಎಂಬುದು ನಮ್ಮ ಜನರ ನಂಬಿಕೆ. ಪಾಠ ಹೇಳುವ ನಾನು ಅದನ್ನು ಅರ್ಧ ನಂಬುತ್ತಿದ್ದೆ; ಅವರು ಪೂರ್ತಿ ನಂಬುತ್ತಿದ್ದರು. ಇನ್ನು ಕುಡಿಯುವುದಿಲ್ಲ ಎಂದರು. ದರ್ಜಿ ಒಂದು ವರ್ಷದಲ್ಲಿ ಮಾಡಬೇಕಾದ್ದನ್ನು ಒಂದು ನಿಮಿಷದಲ್ಲಿ ಮುಗಿಸಿದೆನೆಂದು ಬೀಗುತ್ತಾ ಬೆಟ್ಟ ಇಳಿದೆ.

ಆದರೆ ಕೀರ್ತಿಯೆಲ್ಲ ದರ್ಜಿಗೆ ಹೋಯಿತು. ತಿಂಗಳು ಎರಡಾಗಿ, ಎರಡು ನಾಲ್ಕಾಗಿ, ಯಜಮಾನರು ನೆಟ್ಟಗೆ ನಡೆದಾಡತೊಡಗಿದಾಗ ಕೇರಿಯವರು ನನ್ನೆದುರೇ, "ಆ ಟೈಲ್ರು ಪುಣ್ಯಾತ್ಮ ಕಣವ್ವ, ನಿನ್ನ ಸಂಸಾರ ಉಳಿಸ್ಬುಟ್ಟ" ಎನ್ನುತ್ತಿದ್ದರು. ಹನ್ನೊಂದು ವರ್ಷ ವಾಂತಿ ಬಳಿದವಳ ಹೆಸರು ಯಾರ ಬಾಯಲ್ಲೂ ಇಲ್ಲ.

ಬೆಳಿಗ್ಗೆ ಆರಕ್ಕೆ ಆತನ ಫೋನು. ಯಜಮಾನರು ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗುವರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಕಿವಿ ಕೊಡುವೆ. ಏನು ಮಹಾ ಮಾತು? ಈರುಳ್ಳಿ ಕಿತ್ತಾಯ್ತಾ, ಕಾಲು ನೋವು ಹೆಂಗದೆ, ಹಂದಿ ಬಂದಿದ್ವಾ. ನಡುವೆ ಜೋರಾಗಿ ನಗು. ನನ್ನ ಜೊತೆ ಅವರು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಒಂದು ದಿನ ಮಾತ್ರ ದನಿ ತಗ್ಗಿತು. "ನೆನ್ನೆ ಆ ಅಂಗ್ಡಿ ಮುಂದೆ ಕಾಲು ನಿಂತೋಯ್ತು ಕಣಣ್ಣ" ಎಂದರು. ಹಿಂದಿನ ಸಂಜೆ ಅವರ ಮುಖ ನೋಡಿ, ಏನಾದರೂ ಆಯಿತಾ ಎಂದು ನಾನೇ ಕೇಳಿದ್ದೆ. 'ಏನಿಲ್ಲ' ಎಂದಿದ್ದರು. ನನಗೆ ಏನಿಲ್ಲ, ಅಣ್ಣನಿಗೆ ಎಲ್ಲ! ಆವತ್ತು ಎರಡು ಲೋಟ ಬೇಕೆಂದೇ ಕುಕ್ಕಿ ತೊಳೆದೆ.

ಆತ ಒಳ್ಳೆಯ ದರ್ಜಿ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಹಟಕ್ಕೆ ಬಿದ್ದು ನನ್ನ ಬ್ಲೌಸುಗಳನ್ನು ಗುಂಡ್ಲುಪೇಟೆಯಲ್ಲಿ ಬೇರೊಬ್ಬನಿಗೆ ಕೊಟ್ಟೆ. ಅವನು ತೋಳು ಬಿಗಿ ಮಾಡಿಟ್ಟ. ಕೈ ಎತ್ತಿ ಬೋರ್ಡಿನ ಮೇಲೆ ಬರೆಯಲಾಗದಿದ್ದರೂ ಅವನ್ನೇ ಹಾಕಿಕೊಂಡು ಪಾಠ ಮಾಡಿದೆ.

ಒಂದು ಮಧ್ಯಾಹ್ನ ಯಜಮಾನರು ಆತನನ್ನು ಊಟಕ್ಕೆ ಕರೆತಂದರು. ಮುದ್ದೆ, ಅವರೆಕಾಳು ಸಾರು. ಗಂಡನ ತಟ್ಟೆಗೆ ಚಮಚದ ತುಂಬ ತುಪ್ಪ ಹಾಕಿದೆ, ಆತನ ತಟ್ಟೆಗೆ ಅರ್ಧ. ಆತ ಕುಡಿಯುತ್ತಿದ್ದ ಕಾಲದಲ್ಲಿ ಬಿಟ್ಟು ಹೋದ ಹೆಂಡತಿ ಮತ್ತೆ ಬಂದಿರಲಿಲ್ಲವೆಂದು ನನಗೆ ಗೊತ್ತಿತ್ತು. "ಮೇಡಮ್ಮೋರೆ, ಮನೇಲಿ ಮಾಡಿದ್ ಸಾರು ಉಂಡು ಯಾವ ಕಾಲಾಗಿತ್ತೋ" ಎಂದ. ಮತ್ತರ್ಧ ಚಮಚ ಹಾಕಬಹುದಿತ್ತು. ಹಾಕಲಿಲ್ಲ. ಊಟ ಮುಗಿದದ್ದೇ ಇಬ್ಬರೂ ಮೊಪೆಡ್ ಹತ್ತಿ ಗುಂಡ್ಲುಪೇಟೆಯಲ್ಲಿ ವಾರಕ್ಕೊಮ್ಮೆ ಸೇರುವ ಅವರ ಗುಂಪಿಗೆ ಹೊರಟರು. ಉಂಡೂ ಹೋದ, ಕೊಂಡೂ ಹೋದ ಎಂದುಕೊಂಡು ಎಂಜಲು ಬಳಿದೆ.

ವರ್ಷ ತುಂಬಲು ಕೆಲವೇ ದಿನವಿದ್ದಾಗ ಚಾಮರಾಜನಗರದಿಂದ ಫೋನು ಬಂತು. ಈ ಸಂಗಾತಿ ಸೇವೆಯನ್ನು ಜಿಲ್ಲೆಯಲ್ಲಿ ದೀರ್ಘಕಾಲ ಹೇಗೆ ನಡೆಸಬೇಕು ಎಂದು ಯೋಜನೆ ಮಾಡುತ್ತಿದ್ದಾರೆ, ಸಭೆಗೆ ಬನ್ನಿ, ಮನೆಯವರ ಅಭಿಪ್ರಾಯವೂ ಬೇಕು ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದು ವರ್ಷ ಸಾಕು ಎಂದು ನಾನೊಂದು ಮಾತು ಹೇಳಿದರೆ ದರ್ಜಿ ಹೊರಗೆ, ನನ್ನ ಗಂಡ ನನಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಉರು ಹೊಡೆದೆ. ಯಜಮಾನರು ಪಕ್ಕದಲ್ಲಿ ತೂಕಡಿಸುತ್ತಿದ್ದರು.

ಸಭೆಗೆ ದರ್ಜಿ ಆಗಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಅಧಿಕಾರಿ ಮೇಡಂ ಒಂದೊಂದೇ ಪ್ರಶ್ನೆ ಓದಿದರು. ಸಂಗಾತಿಗಳನ್ನು ಯಾರು ಆರಿಸಬೇಕು? ಸಂಗಾತಿಯೇ ಜಾರಿದರೆ ಅವನನ್ನು ಹಿಡಿಯುವವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಕಾಲ? ಒಂದು ವರ್ಷದ ಮೇಲೆ ಮನೆಯವರಿಗೆ ಒಪ್ಪಿಸುವುದೋ, ಮೂರು ವರ್ಷವೋ, ಅವಧಿಯನ್ನೇ ಇಡದೆ ಬೇಕೆನ್ನುವ ತನಕವೋ? ಆಕೆ ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಒಳ್ಳೆಯ ಟೀಚರ್ ಆಗುತ್ತಿದ್ದರು ಅನ್ನಿಸಿತು.

ಮೊದಲು ಎದ್ದವಳು ನಾನೇ. "ಒಂದು ವರ್ಷ ಸಾಕು ಮೇಡಂ. ಆಮೇಲೆ ನಾವಿದ್ದೇವೆ. ಹೊರಗಿನವರು ಎಷ್ಟು ದಿನ ಅಂತ ಮನೆಯೊಳಗೆ ಇರ್ತಾರೆ?" ಎಂದೆ. ಆಕೆ ಬರೆದುಕೊಂಡರು. ದರ್ಜಿಯ ಕಡೆ ನೋಡಿದೆ. ತಲೆ ತಗ್ಗಿಸಿ ಕೂತಿದ್ದ. ಎಷ್ಟು ಹಿತವಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮೇಡಂ ಯಜಮಾನರನ್ನು ಕೇಳಿದರು. "ಈ ವರ್ಷದಲ್ಲಿ ಮತ್ತೆ ಕುಡಿದದ್ದುಂಟಾ? ಹೇಳಲೇಬೇಕು ಅಂತೇನಿಲ್ಲ."

ಇಲ್ಲ ಎಂದು ನಾನೇ ಹೇಳಲು ಬಾಯಿ ತೆರೆದಿದ್ದೆ. ಯಜಮಾನರು ಹಿಂದೆ ತಿರುಗಿ ದರ್ಜಿಯನ್ನು ನೋಡಿದರು. ಆತ ಹೇಳು ಎಂಬಂತೆ ತಲೆಯಾಡಿಸಿದ.

"ಎರಡು ದಪ ಮೇಡಂ."

"ಮನೆಯಲ್ಲಿ ಹೇಳಿದ್ರಾ?"

"ಹೆಂಗೇಳ್ಲಿ ಮೇಡಂ? ಅವಳ ತಲೆ ಮ್ಯಾಲೆ ಕೈ ಮಡಗಿ ಆಣೆ ಮಾಡಿವ್ನಿ. ಕುಡುದ್ಬುಟ್ಟೆ ಅಂತ ಬಾಯ್ಬುಟ್ಟು, ಅವಳಿಗೇನಾರ ಆಗೋದ್ರೆ? ಅವಳು ಒಂದ್ ದಪ ಕೆಮ್ಮುದ್ರೂ ನಾನೇ ಕೊಂದ್ಬುಟ್ಟೆ ಅನ್ಸೋದು. ಆ ಭಯಕ್ಕೆ ಇನ್ನಷ್ಟು ಕುಡೀಬೇಕು ಅನ್ಸೋದು." ದರ್ಜಿಯ ಕಡೆ ಕೈ ತೋರಿಸಿ, "ಅಣ್ಣನ್ ಮ್ಯಾಲೆ ಯಾವ ಆಣೇನೂ ಇರ್ನಿಲ್ಲ. ಅವರಿಗೆ ಏಳ್ದೆ. ಬೈಯ್ನಿಲ್ಲ. ಅಂಗ್ಡೀಲಿ ಕೂರ್ಸಿ ಸಂಜೆಗಂಟ ಅಂಗಿಗೆ ಗುಂಡಿ ಹೊಲಿಸುದ್ರು" ಎಂದರು.

ಹಿಂದಿನ ಚಳಿಗಾಲದಲ್ಲಿ ನನಗೆ ಕೆಮ್ಮು ಬಂದಾಗ ಅವರು ಶಾಲೆಯ ತನಕ ಫ್ಲಾಸ್ಕಿನಲ್ಲಿ ಕಷಾಯ ತಂದಿದ್ದರು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನೋಡ್ರೇ ಎಂಥಾ ಗಂಡ ಎಂದು ನಾನು ಸ್ಟಾಫ್ ರೂಮಿನಲ್ಲಿ ಮೆರೆದಿದ್ದೆ.

ಆ ಕ್ಷಣಕ್ಕೆ ನನಗೆ ಅಯ್ಯೋ ಅನ್ನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಸುಳ್ಳಾಗುತ್ತದೆ. ಮೊದಲು ಬಂದದ್ದು ಹೊಟ್ಟೆಕಿಚ್ಚೇ, ಮೊದಲಿಗಿಂತ ಎರಡರಷ್ಟು. ನಾನು ಸತ್ತೇನೆಂಬ ಭಯವನ್ನೂ ಇವರು ಆತನಿಗೆ ಹೇಳಿಕೊಂಡಿದ್ದಾರೆ. ನಮ್ಮ ಮನೆಯ ಮುದ್ದೆ ಉಣ್ಣುವಾಗ ಆತನಿಗೆ ಇದೆಲ್ಲ ಗೊತ್ತಿತ್ತು, ಬಡಿಸುತ್ತಿದ್ದ ನನಗೆ ಗೊತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಇನ್ನೊಂದು ಅರ್ಥವಾಯಿತು. ಅವರ ಬಾಯಿಗೆ ಬೀಗ ಹಾಕಿದವಳು ನಾನೇ. ಬೆಟ್ಟ ಹತ್ತಿಸಿ, ದೇವರ ಎದುರಿಗೇ ಹಾಕಿದ್ದೆ.

"ನಿಮ್ಮದು ಒಂದು ವರ್ಷ ಅಂತ ಬರ್ಕೊಂಡಿದ್ದೀನಿ. ಹಾಗೇ ಇರಲಾ?" ಎಂದರು ಮೇಡಂ.

"ಹೊಡೆದು ಹಾಕಿ. ಅವಧಿ ಬೇಡ ಅಂತ ಬರೀರಿ" ಎಂದೆ. ಕೂರಲು ಹೋದವಳು ಮತ್ತೆ ಎದ್ದೆ. "ನನಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಿದೆ. ಅದನ್ನೂ ಬರ್ಕೊಳ್ಳಿ."

ಸಭೆಯಲ್ಲಿ ನಗು ಎದ್ದಿತು. ದರ್ಜಿ ನಗಲಿಲ್ಲ, ಮೇಡಂ ಕೂಡ ನಗಲಿಲ್ಲ. 'ಮನೆಯವರಿಗೂ ಒಬ್ಬ ಸಂಗಾತಿ ಬೇಕು' ಎಂದು ಹಾಳೆಯ ಅಂಚಿನಲ್ಲಿ ಬರೆದರು. ಯೋಜನೆ ಸರ್ಕಾರಕ್ಕೆ ಹೋಗುವಾಗ ಆ ಸಾಲು ಉಳಿಯಿತೋ ಇಲ್ಲವೋ ತಿಳಿಯದು.

ಬಸ್ ಸ್ಟ್ಯಾಂಡಿನಲ್ಲಿ ದರ್ಜಿ ನಮ್ಮಿಬ್ಬರನ್ನೇ ಬಿಟ್ಟು ಟೀ ಕುಡಿಯಲು ಹೋದ. ನಾನು ಯಜಮಾನರ ಕೈ ಹಿಡಿದು ನನ್ನ ತಲೆಯ ಮೇಲಿಟ್ಟು, ಹಾಗೇ ಕೆಳಗಿಳಿಸಿದೆ. "ಆಣೆ ವಾಪಸ್ಸು. ಇನ್ನು ನನಗೇನೂ ಆಗಲ್ಲ. ಈಗ ಹೇಳಿ, ಯಾವತ್ತು ಕುಡಿದದ್ದು?"

ಅವರು ಟೀ ಅಂಗಡಿಯ ಕಡೆಗೊಮ್ಮೆ ನೋಡಿದರು. "ಮೊದ್ಲನೇದು ನಿನ್ ತಂಗಿ ಮದ್ವೆ ದಿಸ ಕಣಮ್ಮಿ."

"ನನ್ನ ತಂಗಿ ಮದುವೇಲಾ? ಧಾರೆಗೆ ಮುಂಚೆನಾ, ಆಮೇಲಾ? ನಮ್ಮಪ್ಪನ ಪಕ್ಕ ಊಟಕ್ಕೆ ಕೂತಿದ್ರಲ್ಲ, ಆಗ್ಲೂ ಕುಡಿದಿದ್ರಾ?"

ಪಕ್ಕದಲ್ಲಿ ಕೂತು ಹೂವು ಕಟ್ಟುತ್ತಿದ್ದವಳೊಬ್ಬಳು ತಲೆಯೆತ್ತಿ ನೋಡಿದಳು. ಅಷ್ಟು ಜೋರಾಗಿತ್ತು ನನ್ನ ದನಿ. ಯಜಮಾನರ ಕಣ್ಣು ಅವರ ಚಪ್ಪಲಿಗೆ ಇಳಿಯಿತು, ಬಾಯಿ ಮುಚ್ಚಿಕೊಂಡಿತು. ಆ ಮುಚ್ಚಿದ ಬಾಯಿ ನನಗೆ ಆ ಹನ್ನೊಂದು ವರ್ಷದಿಂದಲೂ ಗೊತ್ತು. ಆಣೆ ತೆಗೆದು ಇನ್ನೂ ಎರಡು ನಿಮಿಷವಾಗಿರಲಿಲ್ಲ.

ಎರಡನೆಯದು ಯಾವತ್ತೆಂದು ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಬಸ್ಸು ಬಂದಾಗ ನುಗ್ಗಿ ಹತ್ತಿ ಇಬ್ಬರು ಕೂರುವ ಸೀಟು ಹಿಡಿದೆ. ಯಜಮಾನರು ಬಂದು ಕೂತರು. ಕುಂಟುತ್ತಾ ಹತ್ತಿದ ದರ್ಜಿ ಕಂಬಿ ಹಿಡಿದು ನಿಂತ. "ಇಲ್ಲಿ ಬನ್ನಿ" ಎಂದು ಆತನನ್ನು ಕರೆದು ಎದ್ದೆ. "ಬ್ಯಾಡಿ ಮೇಡಮ್ಮೋರೆ" ಎಂದ. "ಕೂತ್ಕೊಳ್ರೀ" ಎಂದು ಮಕ್ಕಳಿಗೆ ಗದರುವ ದನಿಯಲ್ಲಿ ಗದರಿದೆ. ತೆರಕಣಾಂಬಿಯ ತನಕ ಅವರಿಬ್ಬರ ಹಿಂದೆ ನಿಂತೇ ಬಂದೆ. ಅವರು ಮೆಲ್ಲಗೆ ಏನೋ ಮಾತಾಡುತ್ತಿದ್ದರು. ನಾನು ಕಿವಿ ಕೊಡಲಿಲ್ಲ; ಕೊಡಬಾರದೆಂದು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.