ಟೋಪಿ ತೆಗೆಯದವನನ್ನು ಹೊರತಂದ ಗೋಡಲೀವ

ಬೆಳಗಿನ ಆರಕ್ಕೆ ಚರ್ಚಿನ ಪಕ್ಕದ ಬಾಗಿಲಲ್ಲಿ ಕೀಲಿ ತಿರುಗುತ್ತದೆ. ಗೋಡಲೀವ ಅಜ್ಜಿ ನೆಲಕ್ಕಂಟಿದ ಮೇಣ ಕೆರೆಯುತ್ತಾರೆ, ಕುರ್ಚಿಗಳನ್ನು ಸಾಲಿಗೆ ತರುತ್ತಾರೆ. ಆಮೇಲೆ ದೊಡ್ಡ ತೈಲಚಿತ್ರದ ಮುಂದೆ ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಾರೆ. ನನ್ನ ಕಣ್ಣು ಅವರ ಕೈಯ ಮೇಲೇ ಇದೆ.

"ನೀನೂ ಕಾವಲಿಗೆ ಬಂದ್ಯಾ?"

ಸುಳ್ಳೇಕೆ, ಅದಕ್ಕೇ ಬಂದಿದ್ದೇನೆ.

ಫ್ಲಾಂಡರ್ಸ್ ಸೀಮೆಯ ನಮ್ಮ ಈ ಸಣ್ಣ ಊರಿಗೆ ಜಂಬವಿದ್ದರೆ ಆ ಚಿತ್ರದ್ದೇ. ಅದರಲ್ಲಿ ಊರ ಹಿರೀಕರು ಟೋಪಿ ತೆಗೆದು ಮಂಡಿಯೂರಿ, ಜೋಡಿಸಿದ ಕೈಗಳನ್ನು ಕೌಂಟ್ ದೊರೆಯ ಅಂಗೈಗಳ ನಡುವೆ ಇಟ್ಟು ನಿಷ್ಠೆ ಒಪ್ಪಿಸುತ್ತಿದ್ದಾರೆ. ಬರೆದವನು ಎಷ್ಟೋ ತಲೆಮಾರು ಆಮೇಲಿನವನು, ಅವರಲ್ಲಿ ಒಬ್ಬರ ಮುಖವನ್ನೂ ಕಂಡವನಲ್ಲ. ಆದರೂ ಪ್ರತಿ ಹಳೇ ಮನೆತನವೂ ಒಂದೊಂದು ಮುಖವನ್ನು ತನ್ನ ಮುತ್ತಾತನದೆಂದು ಹಿಡಿದುಕೊಂಡಿದೆ, ಹಬ್ಬದ ದಿನ ಅದರ ನೇರಕ್ಕೆ ಹೂವಿಡುತ್ತದೆ. ಎಲ್ಲರಿಗಿಂತ ಮುಂದೆ ಮಂಡಿಯೂರಿದವನು ಬಿಯರ್ ಭಟ್ಟಿಯ ಯೋರಿಸ್ ಫೆರ್ಮೋಟರ ಕಡೆಯವನಂತೆ. ಅಗಸೆನಾರಿನ ಗಿರಣಿಯಲ್ಲಿ ಕೂಲಿ ಮಾಡಿ, ಗಂಡ ಸತ್ತ ಮೇಲೆ ಚರ್ಚು ಗುಡಿಸಲು ಬಂದ ಗೋಡಲೀವರಿಗೆ ಆ ಚಿತ್ರದಲ್ಲಿ ತಮ್ಮವರೆಂದು ಯಾರೂ ಇಲ್ಲ.

ಹೋದ ಚಳಿಗಾಲದಲ್ಲಿ ಚಿತ್ರದ ಕೆಳಮೂಲೆಯ ಕತ್ತಲಿನಿಂದ ಒಬ್ಬ ಕಾಣಿಸಿಕೊಂಡ. ಟೋಪಿ ತೆಗೆದಿಲ್ಲ, ಮಂಡಿಯೂರಿಲ್ಲ, ದೊರೆಯನ್ನು ಓರೆಗಣ್ಣಲ್ಲಿ ನೋಡುತ್ತಿದ್ದಾನೆ. ಮುದುಕಿ ತನಗೊಬ್ಬ ಮುತ್ತಾತನನ್ನು ಬರೆದುಕೊಂಡಿದ್ದಾಳೆ ಎಂದು ಊರೆಲ್ಲ ಗುಸುಗುಸು. ಚರ್ಚಿನ ಸಮಿತಿಗೂ ಯಜಮಾನರಾದ ಯೋರಿಸ್, ಕೀಲಿ ಕಿತ್ತುಕೊಳ್ಳುತ್ತೇನೆಂದು ಎಗರಾಡಿದರು. ನಾನೂ ಅಜ್ಜಿಯ ಉಗುರುಸಂದಿಯಲ್ಲಿ ಬಣ್ಣ ಹುಡುಕಿದ್ದೇನೆ.

"ಕೊಳೆ ಹೋಗೋಕೆ ಎಲ್ರ ಮನೇಲೂ ಪಟಕ್ಕೆ ಅರ್ಧ ಆಲೂಗಡ್ಡೆ ಉಜ್ಜಲ್ವೇನೋ? ನಮ್ಮಮ್ಮನೂ ಉಜ್ಜೋಳು. ಏಣಿಯಿಂದ ಬಿದ್ಮೇಲೆ ನಂಗೆ ಎಟುಕೋದು ಆ ಮೂಲೆ ಒಂದೇ."

ಹೋದ ವಾರ ನಗರದಿಂದ ಚಿತ್ರ ದುರಸ್ತಿಯವರು ಬಂದು ನೋಡಿದರು. ಬಣ್ಣ ಹಳೆಯದೇ, ಆ ಮನುಷ್ಯ ಮೊದಲಿನಿಂದಲೂ ಅಲ್ಲೇ ಇದ್ದಾನೆ. ಆದರೆ ಆಲೂಗಡ್ಡೆ ಮೇಲಿನ ಮೆರುಗನ್ನು ತಿಂದುಹಾಕಿದೆ, ಇನ್ನು ಉಜ್ಜಿದರೆ ಬಣ್ಣವೇ ಏಳುತ್ತದೆ ಎಂದು ಹೇಳಿ ಹೋದರು.

ನಾವು ಮಾತಾಡುತ್ತಿರುವಾಗಲೇ ಯೋರಿಸ್ ಒಳಗೆ ಬರುತ್ತಾರೆ. ಇಷ್ಟು ದಿನ ಗದರುತ್ತಿದ್ದವರ ಬಾಯಲ್ಲಿ ಇವತ್ತು "ಅಮ್ಮಾ" ಎಂಬ ಮಾತು. ನನಗೆ ಅಲ್ಲೇ ಅನುಮಾನ. ಅವರು ಟೋಪಿಯವನ ಪಕ್ಕ ಹೋಗಿ ಮುಖ ಓರೆ ಮಾಡಿ ನಿಲ್ಲುತ್ತಾರೆ.

"ನೋಡಮ್ಮಾ, ಮೂಗು ನಮ್ಮದೇ ಅಲ್ವಾ?"

"ನಿಮ್ಮೋನು ಮುಂದ್ಗಡೆ ಮಂಡಿ ಊರಿದ್ನಲ್ಲೋ!"

"ಅವನು ಬೇರೆ ಯಾರೋ ಇರ್ಬೇಕು. ಬಗ್ಗೋ ಜನ ಅಲ್ಲ ನಾವು. ಇವನ ಕೈಯಲ್ಲಿ ಬಿಯರ್ ಕಲಕೋ ಹುಟ್ಟು ಇದ್ದಂಗಿದೆ. ಇನ್ನೊಂಚೂರು ಉಜ್ಜಿಬಿಡಿ, ಕಾಣುತ್ತೆ. ಕೀಲಿ ನಿಮ್ಮ ಹತ್ರಾನೇ ಇರ್ಲಿ."

"ಉಜ್ಜದಿದ್ರೆ?"

"ಸಮಿತಿ ಇದೆಯಲ್ಲ."

ಅಜ್ಜಿ ಸೊಂಟದಿಂದ ಕೀಲಿ ಬಿಚ್ಚಿ ಅವರ ಕೈಗಿಡುತ್ತಾರೆ. "ತಗೋ. ಗೊತ್ತಿಲ್ದೆ ಹಾಳು ಮಾಡಿದ್ದಾಯ್ತು. ಗೊತ್ತಿದ್ದೂ ಮಾಡಲ್ಲ."

ಯೋರಿಸ್ ಗೊಣಗುತ್ತ ಹೋಗುತ್ತಾರೆ, ಕೀಲಿಯನ್ನೂ ಒಯ್ಯುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಆದರೂ ನನ್ನ ಹಾಳು ಸಂಶಯ ಸುಮ್ಮನಿರಬೇಕಲ್ಲ!

"ಅಜ್ಜಿ, ಅವನು ನಿಮ್ಮ ಮನೆಯೋನೇ ಅಂತ ನಿಮಗೆ ಒಂದಿನಾನೂ ಅನ್ನಿಸ್ಲಿಲ್ವಾ?"

ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸುತ್ತಾರೆ. "ದಿನಾ ಅನ್ನಿಸ್ತಿತ್ತು ಮಗಾ. ಇಲ್ದಿದ್ರೆ, ಮುಖ ಚೊಕ್ಕಟ ಆದ್ಮೇಲೂ ಯಾಕೆ ಉಜ್ತಾ ಇರ್ತಿದ್ದೆ?"