ದನಿ ತಗ್ಗಿಸುವ ಗುಂಡಿ

ನಿಮ್ಮ ಮನೆಯ ಟಿವಿ ರಿಮೋಟಿನಲ್ಲಿ ಯಾವ ಗುಂಡಿ ಮೊದಲು ಸವೆಯಿತೆಂದು ಎಂದಾದರೂ ನೋಡಿದ್ದೀರಾ? ಭಾಲ್ಕಿಯ ನಮ್ಮ ಮನೆಯದರಲ್ಲಿ ದನಿ ತಗ್ಗಿಸುವ ಗುಂಡಿಯ ಗುರುತು ಪೂರ್ತಿ ಅಳಿಸಿಹೋಗಿದೆ. ಏರಿಸುವ ಗುಂಡಿ ಮಾತ್ರ ಅಂಗಡಿಯಿಂದ ತಂದ ದಿನದಂತೆ ಹೊಳೆಯುತ್ತಿದೆ. ಹಚ್ಚಿದಾಗಲೆಲ್ಲ ತನ್ನ ಹಳೆಯ ಗದ್ದಲಕ್ಕೇ ಮರಳುವ ಟಿವಿ ಅದು. ಅದರ ಬಾಯಿ ಮುಚ್ಚಿಸುತ್ತಿದ್ದವಳು ನನ್ನ ತಂಗಿ ಸುಜಾತಾ.

ಬೀದರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದವಳು ಗೆಳತಿಯಿಂದ ಪೆನ್‌ಡ್ರೈವಿನಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ತಂದಳು. ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ಒಬ್ಬ ಮುದುಕ, ಅವನಿಗೆ ಸಂಗಾತಿಯಾಗಿ ಹತ್ತೊಂಬತ್ತರ ಒಬ್ಬ ಹುಡುಗಿ. ನೌಕೆ ಮುದುಕನದು, ತಲೆ ಹುಡುಗಿಯದು. ಅವ್ವನಿಗೆ ಇಂಗ್ಲಿಷ್ ಬಾರದು. ಹಾಗಾಗಿ ಸುಜಾತಾ ದನಿಯನ್ನು ಸೊನ್ನೆಗಿಳಿಸಿ ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದಳು. ಮೂಲದಲ್ಲಿ ಆ ಹುಡುಗಿ ಮುದುಕನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಹಿರಿಯರನ್ನು ಹಾಗೆ ಕರೆಯುವವಳನ್ನು ಅವ್ವ ಮನೆಯೊಳಗೆ ಬಿಟ್ಟುಕೊಳ್ಳುವುದುಂಟೆ? “ಕಾಕಾ, ನೀವು ಸುಮ್ ಕುಂದರ್ರಿ, ಮಷೀನ್ ನಾ ನೋಡ್ತೇನಿ” ಎಂದು ನಮ್ಮ ಮಾತಿನಲ್ಲೇ ಅವಳು ಬ್ರಹ್ಮಾಂಡವನ್ನು ರಿಪೇರಿ ಮಾಡುತ್ತಿದ್ದಳು. ಅವ್ವ ಆ ಜಾಣೆಗೆ ‘ಶಾಣ್ಯಾಕಿ’ ಎಂದೇ ಹೆಸರಿಟ್ಟಿದ್ದಳು.

ಔರಾದಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಭಾನುವಾರ ಮನೆಗೆ ಬಂದಾಗ ಈ ಅನುವಾದದಲ್ಲಿ ತಪ್ಪು ಹುಡುಕುತ್ತಿದ್ದೆ. ಕೆಲಸವಿಲ್ಲದ ಬಡಗಿ ಏನು ಕೆತ್ತಿದನೆಂದು ನಿಮಗೆ ಗೊತ್ತೇ ಇದೆ. ಹಾಗೆ ಹುಡುಕುವಾಗಲೇ ಗುಟ್ಟು ತಿಳಿಯಿತು. ಧಾರಾವಾಹಿ ಎಂದೋ ಮುಗಿದಿತ್ತು. ಸುಜಾತಾ ಮತ್ತೆ ಮೊದಲಿನಿಂದ ಹಚ್ಚಿ, ಅದೇ ಚಿತ್ರಗಳಿಗೆ ಹೊಸ ಹೊಸ ಕಥೆ ಹೆಣೆಯುತ್ತಿದ್ದಳು. ಕೊನೆಯ ಕಂತನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅಡುಗೆಮನೆಗೆ ಎಳೆದೊಯ್ದು, “ಅದರಾಗ ಆಕಿ ಸಾಯ್ತಾಳಕ್ಕಾ. ಅವ್ವಗ ಹ್ಯಾಂಗ ಹೇಳ್ಲಿ?” ಎಂದಳು.

ಹೋದ ಶ್ರಾವಣದಲ್ಲಿ ಸುಜಾತಾಗೆ ಡೆಂಗ್ಯೂ ಬಂತು, ಎಂಟನೆಯ ದಿನ ಹೋದಳು. ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ನನಗೆ ನಾಲ್ಕನೆಯ ದಿನವೇ ಹೇಳಿದ್ದರು. ನಾನು ಮಾತ್ರ ಅವ್ವನಿಗೆ, “ಆರಾಮಾಗ್ತಾಳವ್ವಾ, ನಾಳಿಗಿ ಮನಿಗಿ ಬರ್ತಾಳ” ಎಂದು ದಿನಾ ಹೇಳಿದೆ. ಅವ್ವ ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ.

ಕಥೆ ಬರೆಯುವವರು ಜಾಣೆಯನ್ನೇ ಯಾಕೆ ಕೊಲ್ಲುತ್ತಾರೋ ನಾನರಿಯೆ. ಮುದುಕನಿಗೇನು, ಮುಂದಿನ ವರ್ಷ ಇನ್ನೊಬ್ಬ ಸಂಗಾತಿ ಸಿಕ್ಕಾಳು. ಹೋದವರು ನೆನಪಿನಲ್ಲಿ ಬದುಕಿರುತ್ತಾರೆಂದು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸುಳ್ಳು ನೋಡ್ರಿ. ನೆನಪು ಮಿಸುಕುತ್ತದೆ, ತುಟಿಯಾಡಿಸುತ್ತದೆ, ಅದಕ್ಕೆ ದನಿ ಮಾತ್ರ ಇಲ್ಲ. ಈಗ ಆ ಪಾಠ ಬಂದರೆ ಮಕ್ಕಳಿಗೇ ಓದಿಕೊಳ್ಳಲು ಹೇಳಿ ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ ಅವ್ವ ರಿಮೋಟನ್ನು ನನ್ನ ಕೈಗಿಟ್ಟಳು. “ಶಾಣ್ಯಾಕಿನ ಹಚ್ಚು. ಕಡೀದು ಹಚ್ಚು. ಅದೊಂದು ಸುಜಾತಾ ತೋರಿಸಲೇ ಇಲ್ಲ.”

ಟಿವಿಯ ದನಿ ತಗ್ಗಿಸಿ, ನನ್ನ ಒಣ ಪುಸ್ತಕದ ಕನ್ನಡದಲ್ಲಿ ಹೇಗೋ ಹೇಳುತ್ತಾ ಹೋದೆ. ಕೊನೆಗೆ ಹುಡುಗಿ ಮುದುಕನ ತೊಡೆಯ ಮೇಲೆ ಕಣ್ಣು ಮುಚ್ಚಿದಾಗ ನನ್ನ ಕನ್ನಡ ತಾನಾಗಿಯೇ ಮನೆಯ ಮಾತಿಗೆ ಇಳಿಯಿತು. “ದಣದಾಳವ್ವಾ, ನಿದ್ದಿ ಹತ್ತ್ಯಾದ. ನಾಳಿಗಿ ಮನಿಗಿ ಹೋಗ್ತಾಳ.”

ಅವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ದವಾಖಾನ್ಯಾಗೂ ನೀ ಹಿಂಗೇ ಅಂದಿದ್ದಿ.”

ಇನ್ನೂ ಹೊಳೆಯುತ್ತಿದ್ದ, ದನಿ ಏರಿಸುವ ಆ ಗುಂಡಿಯನ್ನು ಒತ್ತಿದೆ. ಮುದುಕ ತನ್ನ ಭಾಷೆಯಲ್ಲಿ ಅಳುತ್ತಿದ್ದ. ಒಂದಕ್ಷರ ಇಂಗ್ಲಿಷ್ ಬಾರದ ಅವ್ವ ನನ್ನ ಕೈಯಿಂದ ರಿಮೋಟು ಕಸಿದುಕೊಂಡು, ಆ ಅಳು ಓಣಿಗೆಲ್ಲ ಕೇಳುವವರೆಗೆ ಗುಂಡಿಯನ್ನು ಒತ್ತಿ ಹಿಡಿದಳು. ಆಮೇಲೆ ಅದರ ಮರೆಯಲ್ಲಿ ತಾನೂ ಅತ್ತಳು.