ತಮ್ಮನ ಮೀನಿನ ತೊಟ್ಟಿ

ನನ್ನ ತಮ್ಮ ಹೊನ್ನಾಳಿಯಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದ. ಸುಟ್ಟ ಮೋಟರು ಅಂಗಡಿಗೆ ಬಂದರೆ ಮೊದಲು ಅದರ ಮೈಮೇಲೆ ಅಂಗೈ ಇಡುತ್ತಿದ್ದ, ಆಮೇಲೆ ನಟ್ಟು ಬಿಚ್ಚುತ್ತಿದ್ದ. ಒಂದು ಸಂಜೆ ನ್ಯಾಮತಿ ರಸ್ತೆಯಲ್ಲಿ ಭತ್ತದ ಹುಲ್ಲಿನ ಟ್ರ್ಯಾಕ್ಟರ್‌ಗೆ ಅವನ ಬೈಕು ಗುದ್ದಿತು. ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಅವನಿಗೆ ಮೈ ಇದೆಯೆಂಬುದೇ ಗೊತ್ತಾಗದಂತಾಯಿತು. ಕೈ ಎರಡೂ ಚೆನ್ನಾಗಿದ್ದವು. ಆಸ್ಪತ್ರೆಯಿಂದ ಬಂದ ದಿನ ಅವ್ವ ಅವನ ಬೆರಳುಗಳನ್ನು ಒಂದೊಂದಾಗಿ ನೀವಿ, "ದೇವರು ಇಷ್ಟಾದ್ರೂ ಉಳಿಸಿದ್ನಲ್ಲಪ್ಪಾ" ಎಂದಿದ್ದಳು.

ಆ ಹೊತ್ತಿಗೆ ನಾನು ಬಿಳಿಚೋಡಿನ ಗಂಡನ ಮನೆ ಬಿಟ್ಟು ತವರಿಗೆ ಬಂದು ಕೆಲವು ವರ್ಷಗಳಾಗಿದ್ದವು. ನ್ಯಾಮತಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ನಾನು ಬಸ್ಸು ಹತ್ತಿದರೆ ಸಂಜೆಯವರೆಗೂ ಮನೆಯಲ್ಲಿ ಅವರಿಬ್ಬರೇ. ಅವನು ಮೊಬೈಲು ನೋಡಿ ನೋಡಿ ಬೇಸತ್ತು, ಕೊನೆಗೆ ಅದನ್ನೂ ಬದಿಗಿಟ್ಟು ಸೂರು ನೋಡುತ್ತ ಮಲಗಿರುತ್ತಿದ್ದ. ಒಂದು ದಿನ ತಾನಾಗಿಯೇ ಕೇಳಿದ: "ಅಕ್ಕ, ಶಿವಮೊಗ್ಗಕ್ಕೆ ಹೋದಾಗ ಮೀನು ತರ್ತೀಯೇನು? ಏನಾದ್ರೂ ಓಡಾಡೋದು ನೋಡ್ಬೇಕು ಅನ್ನಿಸತೈತೆ."

ಶಿವಮೊಗ್ಗದ ಮೀನಿನಂಗಡಿಯವನು ಗಾಜಿನ ತೊಟ್ಟಿಯ ಜೊತೆ ನಾಲ್ಕಾರು ಗೋಲ್ಡ್ ಫಿಶ್, ಒಂದು ಜೋಡಿ ಏಂಜಲ್, ಒಂದಿಷ್ಟು ಗಪ್ಪಿ ಕೊಟ್ಟು, "ಎಲ್ಲಾ ಹೊಂದ್ಕೊಂಡು ಇರ್ತಾವೆ ಮೇಡಂ" ಎಂದ. ನಂಬಿಕೊಂಡು ತಂದೆ. ತೊಟ್ಟಿಯನ್ನು ಅವನ ಮಂಚದ ಪಕ್ಕಕ್ಕೇ ಇಟ್ಟೆವು, ಕೈ ಚಾಚಿದರೆ ನೀರು ಸಿಗುವಷ್ಟು ಹತ್ತಿರ.

ಚಳಿಗಾಲ ಬಂತು. ಏಂಜಲ್‌ಗಳು ರೆಕ್ಕೆ ಮುದುಡಿಕೊಂಡು ತಳದ ಮೂಲೆ ಸೇರಿದವು. ಗಪ್ಪಿಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದು ದಿನಕ್ಕೊಂದು ಸತ್ತವು. ಗೋಲ್ಡ್ ಫಿಶ್‌ಗಳಿಗೆ ಮಾತ್ರ ಚಳಿಯ ಪರಿವೆಯೇ ಇರಲಿಲ್ಲ. ಹೀಟರ್ ತಂದು ಹಾಕಿದೆವು. ಏಂಜಲ್ ಚೇತರಿಸಿಕೊಂಡವು. ಆದರೆ ಈಗ ಗೋಲ್ಡ್ ಫಿಶ್‌ಗಳು ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡತೊಡಗಿದವು. ತಮ್ಮ ಮತ್ತೆ ಮೊಬೈಲು ಎತ್ತಿಕೊಂಡ. ಅಪಘಾತದ ನಂತರ ಅವನು ಏನನ್ನಾದರೂ ಅಷ್ಟು ಆಸೆಯಿಂದ ಓದಿದ್ದು ಅದೇ ಮೊದಲು.

"ಇವು ತಣ್ಣೀರಿನವು ಅಕ್ಕ, ಅವು ಬಿಸಿನೀರಿನ ಕಡೆಯವು. ನೀರು ಬಿಸಿಯಾದಷ್ಟೂ ಅದ್ರಾಗಿನ ಗಾಳಿ ಕಡಿಮೆ ಆಗತೈತೆ. ಏಂಜಲ್ಲಿಗೆ ಇಪ್ಪತ್ತಾರು ಡಿಗ್ರಿ ಬೇಕು, ಗೋಲ್ಡಿಗೆ ಇಪ್ಪತ್ತು ಸಾಕು. ಒಂದೇ ತೊಟ್ಟಿಯಾಗೆ ಇಟ್ರೆ ಯಾವ್ದಾದ್ರೂ ಒಂದು ಸಾಯ್ತದೆ."

ಇನ್ನೊಂದು ತೊಟ್ಟಿ ಬಂತು. ಗೋಲ್ಡ್ ಫಿಶ್‌ಗಳನ್ನು ಕಿಟಕಿಯ ಪಕ್ಕ ಬಿಸಿಲು ಬೀಳದ ಕಡೆ ಇಟ್ಟೆವು, ಅವಕ್ಕೆ ಹೀಟರ್ ಇಲ್ಲ. ಏಂಜಲ್‌ಗಳು ಮಂಚದ ಬಳಿ ಉಳಿದವು. ಕರೆಂಟು ಹೋದರೆ ನೀರು ತಣ್ಣಗಾಗಬಾರದೆಂದು ತಮ್ಮ ಮಲಗಿದಲ್ಲೇ ಹಳೆಯ ಇನ್ವರ್ಟರ್ ಬ್ಯಾಟರಿಗೆ ವೈರು ಜೋಡಿಸಿ ಒಂದು ವ್ಯವಸ್ಥೆ ಮಾಡಿದ. ಸ್ವಿಚ್ ಆರಿಸದೆ ನೀರಿಗೆ ಕೈ ಹಾಕಬಾರದು, ಬಿಸಿಯಿರುವ ಹೀಟರನ್ನು ಹೊರಗೆ ತೆಗೆದರೆ ಗಾಜು ಸಿಡಿಯುತ್ತದೆ ಎಂದು ಅವ್ವನಿಗೆ ದಿನಾ ಗದರುತ್ತಿದ್ದ. ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ ಪಟ್ಟಿಯನ್ನು ಅವನು ನಂಬುತ್ತಿರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಸ್ವಿಚ್ ಆರಿಸಿ, ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿನಲ್ಲಿ ಇಳಿಸಿ, ಕಣ್ಣು ಮುಚ್ಚಿ, "ಸರಿ ಐತೆ" ಅನ್ನುತ್ತಿದ್ದ. ಆಮೇಲೆ ಪಟ್ಟಿ ನೋಡಿದರೆ ಅದೂ ಸರಿಯಾಗಿಯೇ ಇರುತ್ತಿತ್ತು.

ಬೆನ್ನಿಗೆ ಪೆಟ್ಟಾದ ಮೇಲೆ ಅವನ ಮೈಗೆ ಬೆವರೂ ಬರುತ್ತಿರಲಿಲ್ಲ, ನಡುಕವೂ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಕೆಂಡದಂತೆ ಕಾಯುತ್ತಿದ್ದ, ಮಾಗಿಯಲ್ಲಿ ತಣ್ಣಗಾಗುತ್ತಿದ್ದ. "ನಾನೂ ಮೀನಿನ ಜಾತಿನೇ ಆದೆ ನೋಡವ್ವ, ಕೋಣೆ ಹೆಂಗೋ ನಾನೂ ಹಂಗೆ" ಎಂದು ಒಮ್ಮೆ ನಕ್ಕ. ಅವ್ವ ನಗಲಿಲ್ಲ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ನಾನು ಜಡೆ ಹಾಕಿಕೊಳ್ಳುತ್ತಿದ್ದಾಗ ಕರೆದ. "ಅಕ್ಕ, ಹೀಟರ್ ಹೋಗೈತೆ."

ನಾನು ಬೆರಳು ಅದ್ದಿದೆ. "ಬೆಚ್ಚಗೈತಲ್ಲೋ."

"ಎಲ್ಲಿ ಬೆಚ್ಚಗೈತೆ? ಬಿಸಿನೂ ಇಲ್ಲ, ತಣ್ಣಗೂ ಇಲ್ಲ. ಮೇಲ್ಮೇಲೆ ನೋಡ್ಬೇಡ, ಒಳಗೆ ಕೈ ಹಾಕು."

ಪಟ್ಟಿ ಇಪ್ಪತ್ತಾರು ತೋರಿಸುತ್ತಿತ್ತು. ಪಟ್ಟಿ ಹಾಳಾಗಿದೆ ಎಂದ. ಅವನ ಸಮಾಧಾನಕ್ಕೆ ಹೊಸ ಪಟ್ಟಿ ತಂದೆ, ಅದೂ ಅಷ್ಟೇ ತೋರಿಸಿತು. ಹೊಸ ಹೀಟರ್ ಹಾಕಿದೆವು. ಅದೂ ಸರಿಯಿಲ್ಲ ಎಂದು ಸಿಟ್ಟಾಗಿ ತಿರುಗಿಸುವ ಗುಂಡಿಯನ್ನು ಮೇಲಕ್ಕೆ ಏರಿಸಿಬಿಟ್ಟ. ಸಂಜೆ ನಾನು ಬರುವಷ್ಟರಲ್ಲಿ ಏಂಜಲ್‌ಗಳು ಹುಚ್ಚು ಹಿಡಿದಂತೆ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ನಾನು ಗುಂಡಿ ಇಳಿಸಿ, "ಎಲ್ಲಾನೂ ಬೇಯಿಸ್ತೀಯೇನೋ?" ಎಂದು ರೇಗಿದೆ. ಅವನು ಕೈಯನ್ನು ನೀರಿನಲ್ಲಿ ಮುಳುಗಿಸುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಮುಳುಗಿಸುತ್ತಿದ್ದ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ಅವ್ವ ಆಗತಾನೇ ಸೋಸಿದ ಚಹಾವನ್ನು ಸ್ಟೀಲ್ ಲೋಟದಲ್ಲಿ ತಂದು, ಸೆರಗಿನಿಂದ ಹಿಡಿದು ಅವನ ಕೈಗೆಟಕುವ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆರಲಿ ಎಂದು ಅವಳ ಲೆಕ್ಕ. ಅವನು ಗೋಲ್ಡ್ ಫಿಶ್ ನೋಡುತ್ತಲೇ ಬಲಗೈ ಚಾಚಿ ಲೋಟವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಎದೆಯ ಮೇಲೆ ಇಟ್ಟುಕೊಂಡ. ಹಾಗೆಯೇ ಹಿಡಿದೇ ಇದ್ದ. ಅವ್ವ ನೋಡಿ ಕಿರುಚಿದಳು. ನಾನು ಓಡಿ ಬಂದು ಲೋಟ ಕಿತ್ತುಕೊಂಡೆ. ಅಂಗೈ ಕೆಂಪಗೆ ಬೊಬ್ಬೆ ಬಂದಿತ್ತು.

"ಸುಡಲಿಲ್ಲೇನೋ ನಿನಗೆ? ಸುಡಲಿಲ್ಲೇನಪ್ಪಾ?" ಎಂದು ಅವ್ವ ಕೇಳಿದಳು.

ಅವನು ಅಂಗೈಯನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದ. "ಲೋಟ ಹಿಡಿದಿದ್ದು ಗೊತ್ತಾಗತೈತವ್ವ" ಎಂದ. ಆಮೇಲೆ ತೊಟ್ಟಿಯ ಕಡೆ ತಿರುಗಿ ನನಗೆ ಹೇಳಿದ: "ಹೀಟರ್ ಸರಿ ಐತೆ ಅಕ್ಕ."

ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಪೆಟ್ಟಾದ ಜಾಗದಿಂದ ಬೆನ್ನುಹುರಿಯ ಒಳಗೇ ಒಂದು ಟೊಳ್ಳು ಬೆಳೆಯುತ್ತಿದೆ, ಅದರಲ್ಲಿ ನೀರು ತುಂಬಿ ಮೇಲಕ್ಕೆ ಕತ್ತಿನ ತನಕ ಏರಿದೆ ಎಂದು ಡಾಕ್ಟರು ತೋರಿಸಿದರು. ಮೊದಲು ಬಿಸಿ-ತಂಪುಗಳ ಅರಿವು ಹೋಗುತ್ತದೆ, ಆಮೇಲೆ ಬಲ. ಆಪರೇಷನ್ ಮಾಡಿದರೆ ಅಲ್ಲಿಗೇ ನಿಲ್ಲಬಹುದು, ಹೋದದ್ದು ಬರುವುದಿಲ್ಲ. "ಇನ್ನೂ ಮ್ಯಾಲೆ ಏರತೈತೇನು ಸಾರ್?" ಎಂದು ತಮ್ಮ ಕೇಳಿದ. "ಏರಬಹುದು" ಎಂದರು ಅವರು. ಸುಳ್ಳು ಹೇಳಲಿಲ್ಲ.

ಆಪರೇಷನ್ ಆಯಿತು. ನಿಲ್ಲಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಎಡಗೈಯೂ ಅದೇ ದಾರಿ ಹಿಡಿಯಿತು. ಬಲಗೈ ಬೆರಳುಗಳು ಮಡಚಿಕೊಂಡು ಮತ್ತೆ ಬಿಚ್ಚಲಿಲ್ಲ. ಸ್ವಿಚ್ ಒತ್ತಲು ಆಗುತ್ತಿರಲಿಲ್ಲ. ಮೀನಿನ ಕೆಲಸವೆಲ್ಲ ನನ್ನದಾಯಿತು. ಆ ಬೇಸಿಗೆ ಹೊನ್ನಾಳಿಯಲ್ಲಿ ಹೊಳೆಯ ಕಡೆಯ ಗಾಳಿಯೂ ಬಿಸಿಯಾಗಿತ್ತು. ಗೋಲ್ಡ್ ಫಿಶ್‌ಗಳ ತೊಟ್ಟಿಗೆ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿ ತೇಲಿಬಿಡುತ್ತಿದ್ದೆ. "ಒಮ್ಮೆಲೇ ಬ್ಯಾಡ, ನಿಧಾನಕ್ಕೆ ತಣ್ಣಗಾಗ್ಬೇಕು" ಎಂದು ಮಂಚದಿಂದ ಹೇಳುತ್ತಿದ್ದ. ದಿನಾ ಬೆಳಿಗ್ಗೆ "ಎಷ್ಟೈತೆ?" ಎಂದು ಕೇಳುತ್ತಿದ್ದ. ನಾನು ಎರಡೂ ತೊಟ್ಟಿಯ ಪಟ್ಟಿ ಓದಿ ಹೇಳುತ್ತಿದ್ದೆ. ಕ್ರಮೇಣ ಕೇಳುವುದು ನಿಂತಿತು. ಕೇಳದಿದ್ದರೂ ಓದುತ್ತಿದ್ದೆ. ಅವನು ಗೋಡೆಯ ಕಡೆ ಮುಖ ಮಾಡಿರುತ್ತಿದ್ದ.

"ಅವನ್ನ ಯಾರಿಗಾದ್ರೂ ಕೊಟ್ಟುಬಿಡಕ್ಕ" ಎಂದ ಒಂದು ಮಧ್ಯಾಹ್ನ.

"ಚೆನ್ನಾಗೇ ಅದಾವಲ್ಲೋ. ಏಂಜಲ್ ಮೊಟ್ಟೆ ಇಟ್ಟೈತೆ ನೋಡು."

"ಅದಕ್ಕೇ ಹೇಳಿದ್ದು."

ಚನ್ನಗಿರಿಯಿಂದ ಬರುವ ಸಹೋದ್ಯೋಗಿಯೊಬ್ಬರು ಮೀನುಗಳನ್ನು ತೆಗೆದುಕೊಂಡು ಹೋಗಲು ಒಪ್ಪಿದರು. ಯಾವುದಕ್ಕೆ ಹೀಟರ್ ಬೇಕು, ಯಾವುದಕ್ಕೆ ಬೇಡ, ಹೊಸ ನೀರಿಗೆ ಬಿಡುವ ಮುಂಚೆ ಚೀಲವನ್ನು ನೀರಿನ ಮೇಲೆ ತೇಲಿಸಿ ಎರಡರ ಬಿಸಿಯೂ ಒಂದಾಗುವ ತನಕ ಕಾಯಬೇಕು ಎಂದೆಲ್ಲ ನಾನೇ ವಿವರಿಸಿದೆ. ಅದು ತಮ್ಮನ ಮಾತು, ನನ್ನ ಬಾಯಲ್ಲಿ ಬಂತು. ಅವರ ಕಾರು ಹೊರಡುವಾಗ ಅವನು ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಆ ಸಹೋದ್ಯೋಗಿ ಆಗಾಗ ಮೀನಿನ ಫೋಟೋ ಕಳಿಸುತ್ತಾರೆ. ಒಮ್ಮೆ ಅವನಿಗೆ ತೋರಿಸಲು ಹೋದೆ. "ಬ್ಯಾಡ" ಎಂದ, ಅಷ್ಟೇ.

ಈಗ ಅವ್ವ ಅವನಿಗೆ ಗಂಜಿ ಕುಡಿಸುತ್ತಾಳೆ. ಪ್ರತಿ ಚಮಚವನ್ನೂ ತನ್ನ ಮಣಿಕಟ್ಟಿಗೆ ತಾಗಿಸಿ ನೋಡಿಯೇ ಅವನ ಬಾಯಿಗೆ ಇಡುತ್ತಾಳೆ. ಮೊದಮೊದಲು ಅವನು "ಬಿಸಿ ಐತವ್ವ" ಎಂದು ಮುಖ ತಿರುಗಿಸುತ್ತಿದ್ದ. ಆಗ ಅವ್ವ ಒಳಗೊಳಗೇ ಖುಷಿಪಡುತ್ತಿದ್ದಳು. ಈಚೆಗೆ ಅದನ್ನೂ ಹೇಳುವುದಿಲ್ಲ. ಗೊತ್ತಾಗುವುದಿಲ್ಲವೋ, ಹೇಳಲು ಬೇಸರವೋ, ನಾವಿಬ್ಬರೂ ಕೇಳಿಲ್ಲ.